ಹಾಲೆ ಮರದ ಬುಡದಲ್ಲಿ ಒಂದು ಆರ್ಡರ್

ಚಿರತೆಗೆ ಹೆದರುವವರು ಗುಡ್ಡ ಹತ್ತಬಾರದು, ಹೆದರದವರಂತೂ ಹತ್ತಲೇಬಾರದು ಎಂಬುದು ನಳಿನಾಕ್ಷಿಯ ಸಿದ್ಧಾಂತ. ಹಾಗಾದರೆ ಹತ್ತುವವರು ಯಾರು ಎಂದು ಕೇಳಿದರೆ "ನಾವು" ಎನ್ನುತ್ತಾಳೆ. ಆ ಒಂದು ಮಾತಿನಲ್ಲೇ ಅವಳ ವಿದ್ಯೆಯೆಲ್ಲ ಇದೆ. ಗುಡ್ಡಕ್ಕೆ ಅವಳು ಒಬ್ಬಳೇ ಹೋಗುವುದಿಲ್ಲ, ಬೇರೆ ಯಾರನ್ನೂ ಒಬ್ಬರೇ ಹೋಗಲು ಬಿಡುವುದಿಲ್ಲ. ಅವಳ ಕಣ್ಣು ತಪ್ಪಿಸಿ ಹೋದವರು ಈತನಕ ಒಬ್ಬರೇ, ಅವರೂ ಮನೆಯವರೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಥಾಣೆಯಲ್ಲಿ ಯೇವೂರ್ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಒಂದು ಸೊಸೈಟಿಯ ನೆಲಮಹಡಿಯಲ್ಲಿ ಅವಳ ಮನೆ. ಗಂಡ ಯೋಗೀಶ್ ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನ್ ನಡೆಸುತ್ತಾನೆ. ಮೊದಲ ಶಿಫ್ಟಿನವರ ಇಡ್ಲಿಗೆಂದು ಕೋಳಿ ಕೂಗುವ ಮೊದಲೇ ಮನೆ ಬಿಡುವವನು. ಮಗಳು ತೃಪ್ತಿ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ತುಳು ಅರ್ಥವಾಗುತ್ತದೆ, ಕನ್ನಡವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಳಿನಾಕ್ಷಿ ಮುಲ್ಕಿಯ ಕಡೆಯಿಂದ ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಕಂಪೌಂಡಿನ ಆಚೆ ಊರಲ್ಲಿ ಪಲ್ಯ ಮಾಡುವ ತಜಂಕಿನ ಸೊಪ್ಪು ಮೊಣಕಾಲೆತ್ತರ ಬೆಳೆದು ನಿಂತಿತ್ತು. ಪಕ್ಕದಲ್ಲಿ ಪತ್ರೊಡೆಗೆ ಹೇಳಿ ಮಾಡಿಸಿದಂಥ ಕೆಸುವಿನೆಲೆ, ಅಲ್ಲೇ ಹರಿಯುವ ತೋಡಿನ ಕಲ್ಲಿನಡಿಯಲ್ಲಿ ಏಡಿ. ಇಷ್ಟನ್ನೆಲ್ಲ ಹಿತ್ತಲಲ್ಲಿ ಇಟ್ಟುಕೊಂಡು ಈ ಜನ ಮಾರ್ಕೆಟ್ಟಿನಲ್ಲಿ ಒಣಗಿದ ಪಾಲಕ್ ಯಾಕೆ ಕೊಳ್ಳುತ್ತಾರೆ ಎಂದು ಅವಳಿಗೆ ನಿಜಕ್ಕೂ ಸಿಟ್ಟು ಬಂತು. ಕಾರಣ ಎರಡನೆಯ ಮಳೆಗಾಲದಲ್ಲಿ ತಿಳಿಯಿತು.

ಆ ದಿನ ಒಬ್ಬಳೇ ಬಗ್ಗಿಕೊಂಡು ಸೊಪ್ಪು ಚಿವುಟುತ್ತಿದ್ದಳು. ಬೆನ್ನು ಹಿಡಿದಂತಾಗಿ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು. ಎದುರಿನ ಬಂಡೆಯ ಮೇಲೆ ಚಿರತೆಯೊಂದು ಕೂತು ಅವಳನ್ನೇ ನೋಡುತ್ತಿತ್ತು. ಇದ್ದಕ್ಕಿದ್ದಂತೆ ಇಷ್ಟೆತ್ತರವಾದ ಹೆಂಗಸನ್ನು ಕಂಡು ಅದಕ್ಕೂ ಬೇಸರವಾಯಿತೋ ಏನೋ, ಮಸಾಲೆ ದೋಸೆ ಕೇಳಿ ಸಾದಾ ಸಿಕ್ಕ ಗಿರಾಕಿಯ ಮುಖ ಮಾಡಿ ಎದ್ದು ಹೋಯಿತು. ನಳಿನಾಕ್ಷಿಗೆ ಹೆದರಿಕೆ ಹತ್ತಿದ್ದು ಮನೆಗೆ ಬಂದ ಮೇಲೆ. ಹೆದರಿ ಮುಗಿದ ಮೇಲೆ ಯೋಚಿಸಿದಳು: ಬಗ್ಗಿದ್ದಾಗ ನಾನು ಅದರ ಕಣ್ಣಿಗೆ ಆಡು, ನಿಂತಾಗ ಮನುಷ್ಯಳು. ಹಾಗಾದರೆ ಬಗ್ಗುವವಳ ಪಕ್ಕದಲ್ಲಿ ಒಬ್ಬಳು ನಿಂತಿರಬೇಕು, ಅಷ್ಟೇ.

ಅಂದಿನಿಂದ ಅವಳ ಬೇಟೆ ಶುರು. ಹೌದು, ಅವಳು ಅದನ್ನು ಬೇಟೆ ಎಂದೇ ಕರೆಯುವುದು, ಸಿಗುವುದು ಸೊಪ್ಪು ಮತ್ತು ಏಡಿ ಮಾತ್ರವಾದರೂ. ಕೋವಿಯ ಬದಲು ಉದ್ದನೆಯ ಕಪ್ಪು ಕೊಡೆ. ನಾಲ್ವರಿಗಿಂತ ಕಡಿಮೆ ಇದ್ದರೆ ಅವಳು ಹಿಂದಿನ ಗೇಟು ದಾಟುವುದಿಲ್ಲ. ದಾರಿಯುದ್ದಕ್ಕೂ ಮಾತಾಡುತ್ತಿರಬೇಕು, ಮಾತಿಗೆ ವಿಷಯ ಇಲ್ಲದವರು ಗಂಡನನ್ನು ಬಯ್ಯಬಹುದು. ಚಿರತೆ ಕಂಡರೆ ಓಡಬಾರದು, ಕೂರಬಾರದು, ಕೊಡೆ ಬಿಚ್ಚಿ ದೊಡ್ಡದಾಗಿ ಕಾಣಬೇಕು, ದನಿ ಎತ್ತಬೇಕು, ಅದರ ಕಡೆ ಮುಖ ಇಟ್ಟುಕೊಂಡೇ ಹಿಂದೆ ಸರಿಯಬೇಕು. "ದೇವರಿಗೆ ಬೆನ್ನು ಹಾಕಿ ಹೊರಗೆ ಬರ್ತೀರಾ? ಇಲ್ಲ ಅಲ್ವಾ? ಹಾಗೆಯೇ ಇದು," ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದಳು. ಮುಂದೆಂದೋ ಅರಣ್ಯದವರು ಸೊಸೈಟಿಗೆ ಬಂದು ಪರದೆಯ ಮೇಲೆ ಚಿತ್ರ ತೋರಿಸಿ ಇದೇ ಮಾತು ಹೇಳಿದಾಗ, ಮುಂದಿನ ಕುರ್ಚಿಯಲ್ಲಿ ಕೂತಿದ್ದ ನಳಿನಾಕ್ಷಿ ಪರೀಕ್ಷೆಯಲ್ಲಿ ಪಾಸಾದವಳಂತೆ ತಲೆಯಾಡಿಸಿದಳು. ಗರ್ವ ಅವಳಿಗೆ ಇಲ್ಲ ಎಂದು ನಾನು ಹೇಳಲಾರೆ. ಇದ್ದರೆ ತಪ್ಪೇನು?

ಇನ್ನು ಅವಳ ಭಾವ ವಾಸು, ಯೋಗೀಶನ ಅಣ್ಣ. ಎಪ್ಪತ್ತರ ಹತ್ತಿರದ ಸಪೂರ ಮನುಷ್ಯ. ಡೊಂಬಿವಿಲಿ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ತಲೆ ಬೆಳ್ಳಗಾಗುವ ತನಕ ಆರ್ಡರ್ ಕೂಗಿದವರು. ಆ ದನಿಗೆ ಒಂದು ಕಾಲದಲ್ಲಿ ಹೆಸರಿತ್ತು. ಬಾಗಿಲಲ್ಲಿ ನಿಂತು ಅವರು ಲೌಕರ್, ಅಂದರೆ ಮರಾಠಿಯಲ್ಲಿ ಬೇಗ, ಎಂದು ಕೂಗಿದರೆ ಒಳಗಿನ ಭಟ್ಟರ ಕೈಯ ಸಟ್ಟುಗ ತಾನಾಗಿ ಏಳುತ್ತಿತ್ತಂತೆ, ಪ್ಲಾಟ್‌ಫಾರ್ಮಿನಲ್ಲಿದ್ದವರಿಗೆ ಹಸಿವಾಗುತ್ತಿತ್ತಂತೆ. ಕೆಲಸ ಬಿಟ್ಟ ಮೇಲೆ ಹೆಂಡತಿ ಸುಗುಣಾಳ ಜೊತೆ ತಮ್ಮನ ಮನೆಗೆ ಬಂದರು. ಕಳೆದ ದೀಪಾವಳಿಯ ಹೊತ್ತಿಗೆ ಸುಗುಣಕ್ಕ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ಆಮೇಲೆ ಭಾವನ ದನಿ ಎಲ್ಲಿಗೋ ಹೋಯಿತು. ಚಹಾ ಬೇಕಿದ್ದರೂ ಲೋಟ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದರು, ಅಷ್ಟೇ.

ಈಗ ಆಟಿ ಅಮಾವಾಸ್ಯೆಯ ವಿಷಯಕ್ಕೆ ಬರೋಣ. ಆಟಿ ತಿಂಗಳ ಆ ದಿನ ತುಳುವರ ಮನೆಯಲ್ಲಿ ಬರಿಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು, ವರ್ಷದ ರೋಗಕ್ಕೆಲ್ಲ ಅದು ಮದ್ದು ಎಂಬ ನಂಬಿಕೆ. ತೊಗಟೆ ತರುವುದಕ್ಕೂ ಕಟ್ಟುಪಾಡು ಉಂಟು. ಕಾಗೆ ಕೂಗುವ ಮೊದಲು ಹೋಗಬೇಕು. ಒಬ್ಬನೇ ಹೋಗಬೇಕು. ಮಾತಾಡಬಾರದು. ಕಬ್ಬಿಣ ಮುಟ್ಟಬಾರದು, ಕಲ್ಲಿನಿಂದಲೇ ಕೆತ್ತಬೇಕು. ಮೈಮೇಲೆ ಬಟ್ಟೆ ಇರಬಾರದು. ಈಗಿನ ಕಾಲಕ್ಕೆ ಸೊಂಟಕ್ಕೆ ಒಂದು ಬೈರಾಸು ಸುತ್ತಿಕೊಂಡರೆ ಸಾಕು ಎಂಬಷ್ಟು ರಿಯಾಯಿತಿ ಸಿಕ್ಕಿದೆ. ಕತ್ತಲಲ್ಲಿ ಮರ ತಪ್ಪಿದರೆ ಮದ್ದು ವಿಷವಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಹೋಗಿ ಮರಕ್ಕೆ ಗುರುತು ಕಟ್ಟಿ ಬರಬೇಕು.

ಒಬ್ಬನೇ, ಕತ್ತಲಲ್ಲಿ, ಸದ್ದಿಲ್ಲದೆ, ಮರದ ಬುಡದಲ್ಲಿ ಬಗ್ಗಿಕೊಂಡು. ಚಿರತೆಯನ್ನೇ ಕೂರಿಸಿ ಕೇಳಿದ್ದರೂ ಅದು ಇದಕ್ಕಿಂತ ಚೆನ್ನಾಗಿ ಬರೆದು ಕೊಡುತ್ತಿರಲಿಲ್ಲ ಎಂದು ನಳಿನಾಕ್ಷಿ ಹೇಳುತ್ತಿದ್ದಳು. ಹೋದ ವರ್ಷ ಭಾವನ ಮೊಣಕಾಲು ಊದಿಕೊಂಡಿದ್ದರಿಂದ ತೊಗಟೆ ತಂದವಳು ಅವಳೇ. ಬೆಳಕು ಹರಿದ ಮೇಲೆ, ನಾಲ್ವರು ಹೆಂಗಸರ ಜೊತೆ, ಊರಿನ ಹಾಳುಹರಟೆಯೆಲ್ಲ ಹೊಡೆಯುತ್ತ. ಆ ಕಷಾಯವನ್ನೇ ಸುಗುಣಕ್ಕನೂ ಕುಡಿದಿದ್ದರು. ದೀಪಾವಳಿಗೆ ಅವರು ಹೋದಾಗ ಭಾವ ಏನೂ ಅನ್ನಲಿಲ್ಲ. ಕಟ್ಟುಪಾಡು ಮುರಿದು ತಂದ ಮದ್ದನ್ನು ಒಳಗೊಳಗೆ ದೂರುತ್ತಿದ್ದಾರೋ ಏನೋ ಎಂದು, ಆ ಅನ್ನದೆ ಇದ್ದದ್ದೇ ನಳಿನಾಕ್ಷಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಈ ವರ್ಷ ಅಮಾವಾಸ್ಯೆಯ ಹಿಂದಿನ ಸಂಜೆ ಅವಳು ಗುಂಪು ಕಟ್ಟಿಕೊಂಡು ಹೋಗಿ, ತೋಡಿನ ಮೇಲಿನ ಹಾಲೆ ಮರಕ್ಕೆ ತೃಪ್ತಿಯ ಹಳೆಯ ಶಾಲೆಯ ರಿಬ್ಬನ್ ಕಟ್ಟಿ ಬಂದಳು. ಚಹಾ ಕೊಡುವಾಗ ಮೆಲ್ಲನೆ ವಿಷಯ ತೆಗೆದಳು.

"ಭಾವ, ನಾಳೆ ಎಲ್ಲರೂ ಒಟ್ಟಿಗೆ ಹೋಗುವಾ. ಕಾಗೆ ಕೂಗುವ ಮೊದಲೇ ಹೋಗುವಾ, ಬೇಕಾದರೆ. ನೀವೇ ಕೆತ್ತಿ."

"ಮಾತಾಡಿ ಕೆತ್ತಿದ್ದಕ್ಕೆ ಗುಣ ಇರುದಿಲ್ಲ," ಎಂದರು ವಾಸು. ಆ ವಾರದಲ್ಲಿ ಅಲ್ಲಿಯ ತನಕ ಅವರು ಆಡಿದ ಅತಿ ಉದ್ದದ ಮಾತು ಅದು.

"ಹಾಗಾದರೆ ರಸ್ತೆ ಬದಿಯದ್ದು ಆಗ್ತದಲ್ಲ? ನಮ್ಮ ಬಸ್ ಸ್ಟಾಪಿನಲ್ಲೇ ಎರಡು ಹಾಲೆ ಮರ ಉಂಟು."

"ಬಸ್ಸಿನ ಹೊಗೆ ಕುಡಿದ ಮರ ಅದು. ಅದಕ್ಕೇ ಮೊದಲು ಕಷಾಯ ಕುಡಿಸಬೇಕು." ಒಂದು ಗುಟುಕು ಚಹಾ ಕುಡಿದು ಭಾವ ಕೇಳಿದರು, "ರಿಬ್ಬನ್ ಯಾವ ಎತ್ತರಕ್ಕೆ ಕಟ್ಟಿದ್ದಿ?"

ನಳಿನಾಕ್ಷಿ ಎದೆಯ ಎತ್ತರಕ್ಕೆ ಎಂದಳು. ಕೇಳಿದ್ದೇಕೆ ಎಂದು ಆಗಲೇ ಹೊಳೆಯಬೇಕಿತ್ತು. ಬುದ್ಧಿವಂತರಿಗೂ ಕೆಲವು ಸಲ ಮಂಕು ಕವಿಯುತ್ತದೆ.

ಮರುದಿನ ಯೋಗೀಶ್ ರಬಾಳೆಗೆ ಹೊರಟ ಸ್ವಲ್ಪ ಹೊತ್ತಿಗೆ ನಳಿನಾಕ್ಷಿ ಎದ್ದಳು. ಹೊರಗಿನ್ನೂ ಕತ್ತಲೆ, ಮಳೆ ಆಗಷ್ಟೇ ನಿಂತಿತ್ತು. ಹಾಲ್‌ನ ಲೈಟು ಹಾಕಿದವಳಿಗೆ ಮೇಜಿನ ಮೇಲೆ ಭಾವನ ಸಾಮಾನು ಕಂಡಿತು. ಮೊಬೈಲು, ಟಾರ್ಚು, ಬೀಗದ ಕೈ, ಬೆರಳಿನ ಉಂಗುರ. ಎಲ್ಲದರ ಪಕ್ಕದಲ್ಲಿ, ಕಾಲು ಮಡಚಿಕೊಂಡು, ತಂತಿ ಫ್ರೇಮಿನ ಕನ್ನಡಕ. ಲೋಹ ಎನ್ನುವುದನ್ನೆಲ್ಲ ಬಿಚ್ಚಿಟ್ಟು ಹೋಗಿದ್ದರು. ಕನ್ನಡಕ ಇಲ್ಲದೆ ಭಾವನಿಗೆ ತಟ್ಟೆಯಲ್ಲಿರುವುದು ಇಡ್ಲಿಯೋ ವಡೆಯೋ ತಿಳಿಯುತ್ತಿರಲಿಲ್ಲ.  ಇವರಿಗೆ ಏನಾದರೂ ಆದರೆ ಅದೂ ನನ್ನ ಲೆಕ್ಕಕ್ಕೇ ಎಂದುಕೊಂಡಳು ನಳಿನಾಕ್ಷಿ.

ಆದರೆ ಒಬ್ಬಳೇ ಓಡಲಿಲ್ಲ ನೋಡಿ, ಅದೇ ಅವಳ ಹೆಚ್ಚುಗಾರಿಕೆ. ಕಪ್ಪು ಕೊಡೆ ಹಿಡಿದು ತೃಪ್ತಿಯನ್ನು ಎಬ್ಬಿಸಿದಳು. ಎದುರು ಮನೆಯ ವಾರಿಜಾಳ ಬಾಗಿಲು ಬಡಿದಳು. ವಾರಿಜಾ ಗಟ್ಟಿಗಿತ್ತಿ, ಏನು ಎತ್ತ ಎಂದು ಕೇಳದೆ ಕೊಡೆ ಹಿಡಿದು ಬಂದಳು. ಹಿಂದಿನ ಗೇಟಿನಲ್ಲಿ ವಾಚ್‌ಮನ್ ಚಂದ್ರಾಮ ಕೂತಿದ್ದ. ಇಂಡಿ ತಾಲೂಕಿನವನು, ಕೈಯಲ್ಲಿ ತುದಿಗೆ ಕಬ್ಬಿಣ ಹಾಕಿದ ಕೋಲು.

"ಹಿರಿಯಾರು ಆಗಲೇ ಹೋದ್ರಲ್ರೀ ಅಕ್ಕಾರ," ಎಂದ ಅವನು. "ಎಲ್ಲಿಗ್ರೀ ಅಂತ ಕೇಳಿದ್ರ ಬಾಯಿಮ್ಯಾಲೆ ಬೆರಳಿಟ್ಟು ಸುಮ್ಕಿರು ಅಂತ ಸನ್ನಿ ಮಾಡಿದ್ರು. ಏನರ ವ್ರತ ಇರಬೇಕಂತ ಬಿಟ್ನಿ."

"ವ್ರತವೇ. ನೀನೂ ಬಾ, ಕೋಲು ತಗೊ."

ನಾಲ್ವರಾದರು. ನಳಿನಾಕ್ಷಿ ಗೇಟು ದಾಟಿದಳು. ತೃಪ್ತಿಯ ಮೊಬೈಲಿನ ಬೆಳಕು ಮುಂದೆ, ಚಂದ್ರಾಮನ ಕೋಲಿನ ಸದ್ದು ಹಿಂದೆ. ನಡುವೆ ವಾರಿಜಾ ತನ್ನ ಗಂಡನ ಗುಣಗಾನ ಆರಂಭಿಸಿದಳು, ಅದಕ್ಕೆ ಅವಳಿಗೆ ತಯಾರಿ ಬೇಕಿರಲಿಲ್ಲ. ದಾರಿಯಲ್ಲಿ ವಾರ್ಲಿ ಜನ ಪೂಜಿಸುವ ವಾಘೋಬಾನ ಕಲ್ಲು ಸಿಗುತ್ತದೆ. ಹುಲಿದೈವ ಎಂದ ಮೇಲೆ ನಮ್ಮೂರ ಹುಲಿಭೂತ ಪಿಲಿಚಾಮುಂಡಿಯ ನೆಂಟನೇ ಸೈ ಎಂದು ನಳಿನಾಕ್ಷಿ ದಿನವೂ ಅಲ್ಲೊಂದು ಕೈಮುಗಿಯುತ್ತಿದ್ದಳು. ಇವತ್ತು ಆ ಕಲ್ಲಿನ ಪಕ್ಕದಲ್ಲಿ ಭಾವನ ಲುಂಗಿ ಮತ್ತು ಅಂಗಿ ನೀಟಾಗಿ ಮಡಚಿ ಇಡಲಾಗಿತ್ತು.

"ಮಮ್ಮಿ, ಬಡೇ ಪಪ್ಪಾ ಕಪಡೇ ಉತಾರ್‌ಕೇ ಗಯೇ?" ದೊಡ್ಡಪ್ಪನ ಬಟ್ಟೆ ನೋಡಿ ತೃಪ್ತಿ ಕೇಳಿದಳು.

"ಬೈರಾಸು ಉಂಟು ಅವರ ಹತ್ತಿರ. ನಡಿ. ಮಾತಾಡ್ತಾ ನಡಿ."

ತೋಡು ದಾಟಿ ಏರಿದ ಮೇಲೆ ಮರ ಕಂಡಿತು. ಮರದ ಬುಡದಲ್ಲಿ ಭಾವ ಕುಕ್ಕರುಗಾಲಲ್ಲಿ ಕೂತು ಕಲ್ಲಿನಿಂದ ತೊಗಟೆ ಕೆತ್ತುತ್ತಿದ್ದರು. ಟಕ್ ಟಕ್ ಎಂಬ ಸಣ್ಣ ಸದ್ದು. ತೃಪ್ತಿ ಬೆಳಕನ್ನು ಸ್ವಲ್ಪ ಮೇಲಕ್ಕೆ ಎತ್ತಿದಳು. ಭಾವನ ಹಿಂದೆ, ನಾಲ್ಕು ಮಾರು ಆಚೆ, ಬಂಡೆಯ ಮೇಲೆ ಎರಡು ಕಣ್ಣು ಹೊಳೆದವು.

ತೃಪ್ತಿ ತಿರುಗುವಷ್ಟರಲ್ಲಿ ನಳಿನಾಕ್ಷಿ ಅವಳ ಮಣಿಕಟ್ಟು ಹಿಡಿದಳು. "ಓಡಬೇಡ. ಬೆಳಕು ಅಲ್ಲೇ ಇರಲಿ." ಮತ್ತೆ ದನಿ ಎತ್ತಿ, ನೆಂಟರನ್ನು ಊಟಕ್ಕೆ ಕರೆಯುವಷ್ಟು ಸಮಾಧಾನದಲ್ಲಿ ಹೇಳಿದಳು, "ಭಾವ, ಮೆಲ್ಲ ಎದ್ದು ನಿಲ್ಲಿ. ನಿಮ್ಮ ಹಿಂದೆ ಚಿರತೆ ಉಂಟು."

ಭಾವ ಏಳಲಿಲ್ಲ. ತಲೆಯೆತ್ತಿ ಬೆಳಕಿನ ಕಡೆ ಕಣ್ಣು ಕಿರಿದುಗೊಳಿಸಿದರು. ಚಿರತೆಯಂತೂ ಅವರಿಗೆ ಕಾಣುವ ಮಾತೇ ಇಲ್ಲ. ಕಂಡದ್ದು, ಕಿವಿಗೆ ಬಿದ್ದದ್ದು, ಹೆಂಗಸರು. ತಮ್ಮನ ಹೆಂಡತಿ, ತಮ್ಮನ ಮಗಳು, ಎದುರು ಮನೆಯವಳು. ಕೆತ್ತುವ ಭರದಲ್ಲಿ ಬೈರಾಸಿನ ಗಂಟು ಸಡಿಲಾಗಿತ್ತು. ಮರ್ಯಾದಸ್ಥ ಮನುಷ್ಯ ಅಂಥ ಹೊತ್ತಿನಲ್ಲಿ ಏನು ಮಾಡುತ್ತಾನೋ ಅದನ್ನೇ ಮಾಡಿದರು. ಒಂದು ಕೈಯಲ್ಲಿ ಬೈರಾಸು ಹಿಡಿದು, ಮರದ ಮರೆಗೆ ಇನ್ನಷ್ಟು ಕುಗ್ಗಿ, ಇನ್ನೊಂದು ಕೈಯಿಂದ ಆ ಕಡೆ ತಿರುಗಿ ಎಂದು ಸನ್ನೆ ಮಾಡಿದರು.

ಕುಗ್ಗಿದ ಭಾವ ಈಗ ಆಡಿಗಿಂತಲೂ ಗಿಡ್ಡ. ಬಂಡೆಯ ಮೇಲಿನ ಚಿರತೆ ಮುಂಗಾಲು ಮಡಚಿ ಮೈಯನ್ನು ಕಲ್ಲಿಗೆ ಒತ್ತಿತು.

"ಮಮ್ಮಿ, ವೋ ಘೂಮ್‌ನೇ ಬೋಲ್ ರಹೇ ಹೈ," ಎಂದಳು ತೃಪ್ತಿ.

"ತಿರುಗಬೇಡ. ಯಾರೂ ತಿರುಗಬೇಡಿ."

ಬೆನ್ನು ಹಾಕಿದರೆ ಚಿರತೆಗೆ ಧೈರ್ಯ, ಹಾಕದಿದ್ದರೆ ಭಾವ ಏಳುವುದಿಲ್ಲ. ಇಷ್ಟು ವರ್ಷದ ಬೇಟೆಯಲ್ಲಿ ಇಂಥದ್ದೊಂದು ಬರುತ್ತದೆ ಎಂದು ನಳಿನಾಕ್ಷಿ ಎಣಿಸಿರಲಿಲ್ಲ. ಹೆದರಿದಳು, ಚೆನ್ನಾಗಿಯೇ ಹೆದರಿದಳು. ಹೆದರಿಕೆಯ ಜೊತೆಗೆ ಸಿಟ್ಟೂ ಬಂತು, ಆ ಸಿಟ್ಟೇ ಅವಳನ್ನು ನಡೆಸಿತು. ಕೊಡೆಯನ್ನು ಫಟ್ಟೆಂದು ಬಿಚ್ಚಿದಳು. ಚಿರತೆಯ ಮೇಲಿಟ್ಟ ಕಣ್ಣು ತೆಗೆಯದೆ, ನೆಟ್ಟಗೆ ನಿಂತ ಮೈಯಲ್ಲಿ, ಒಂದೊಂದೇ ಹೆಜ್ಜೆ ಮರದ ತನಕ ನಡೆದಳು. ವಾರಿಜಾ ತನ್ನ ಕೊಡೆ ಬಿಚ್ಚಿ ಪಕ್ಕಕ್ಕೆ ಬಂದಳು. ಚಂದ್ರಾಮ ಕೋಲನ್ನು ಕಲ್ಲಿಗೆ ಕುಟ್ಟಿದ.

"ಭಾವ, ಇಗೊಳ್ಳಿ ಕೊಡೆ. ಮುಂದೆ ಅಡ್ಡ ಹಿಡಿದುಕೊಂಡು ಏಳಿ. ನಿಮ್ಮನ್ನು ಯಾರು ನೋಡ್ತಾರೆ? ನಾವೆಲ್ಲ ಅದನ್ನು ನೋಡ್ತಾ ಇದ್ದೇವೆ."

ಭಾವನ ಕೈ ಕೊಡೆಯವರೆಗೆ ಬಂತು. ಬೆರಳಿಗೆ ಕಡ್ಡಿ ತಾಗಿದ್ದೇ ಹಿಂದಕ್ಕೆ ಹೋಯಿತು.

"ಕಬ್ಬಿಣ ಉಂಟು ಇದರಲ್ಲಿ," ಎಂದರು.

ಹೀಗೆ ಭಾವನ ಮೌನ ಮುರಿದದ್ದು ಚಿರತೆಗಾಗಿ ಅಲ್ಲ, ಕೊಡೆಯ ಕಡ್ಡಿಗಾಗಿ. ತಾನು ಮಾತಾಡಿದೆ ಎಂದು ಅವರಿಗೆ ಒಂದು ಕ್ಷಣ ತಡವಾಗಿ ತಿಳಿಯಿತು. ಬಾಯಿ ತೆರೆದೇ ಉಳಿಯಿತು.

"ಮೌನ ಹೋಯಿತಲ್ಲ ಭಾವ," ಎಂದಳು ನಳಿನಾಕ್ಷಿ, ಇನ್ನೂ ಬಂಡೆಯ ಕಡೆಯೇ ನೋಡುತ್ತ. "ಇನ್ನು ಉಳಿಸಿಕೊಂಡು ಏನು ಮಾಡ್ತೀರಿ? ಕೊಡೆ ಹಿಡಿಯಿರಿ, ಏಳಿ, ಕೂಗಿ. ಡೊಂಬಿವಿಲಿಯಲ್ಲಿ ಕೂಗಿದ ಹಾಗೆ ಕೂಗಿ."

ವಾಸು ಎದ್ದರು. ಎದೆಯಿಂದ ಮೊಣಕಾಲ ತನಕ ಕಪ್ಪು ಕೊಡೆ, ಮೇಲೆ ಬೆಳ್ಳಗಿನ ತಲೆ. ಅರ್ಧ ಆಯುಷ್ಯ ಹೋಟೆಲಿನ ಬಾಗಿಲಲ್ಲಿ ನಿಂತ ಮನುಷ್ಯನಿಗೆ ಕೂಗು ಎಂದರೆ ಬಾಯಿಗೆ ಬೇರೇನು ಬಂದೀತು?

"ದೋ ಮಸಾಲಾ, ಏಕ್ ಸಾದಾ, ತೀನ್ ಇಡ್ಲಿ ಸಾಂಬಾರ್ ಡುಬಾಕೇ, ಚಾರ್ ಕಾಪೀ, ಲೌಕರ್ ಲೌಕರ್ ಲೌಕರ್."

ಗುಡ್ಡ ಅದನ್ನು ಹಿಂದಕ್ಕೆ ಕೂಗಿ ಹೇಳಿತು. ಸೊಸೈಟಿಯಲ್ಲಿ ಮೂರನೆಯ ಮಹಡಿಯ ಲೈಟು ಹತ್ತಿತು. ತೋಡಿನಾಚೆಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಚಿರತೆ ಮೈ ನೆಟ್ಟಗೆ ಮಾಡಿ ಎದ್ದು, ಇಷ್ಟು ಗಿರಾಕಿಗಳಿರುವ ಕಡೆ ತನಗೆ ಜಾಗ ಸಿಗುವುದಿಲ್ಲ ಎಂಬಂತೆ ಒಮ್ಮೆ ನೋಡಿ, ಬಂಡೆಯ ಆಚೆಗೆ ಇಳಿದು ಹೋಯಿತು. ಭಾವ ಮಾತ್ರ ನಿಲ್ಲಿಸಲಿಲ್ಲ. ಎರಡು ಉಪ್ಪಿಟ್ಟು, ಒಂದು ಪಾರ್ಸಲ್, ಮೂಲೆಯ ಟೇಬಲಿಗೆ ನೀರು, ಎಲ್ಲ ಕೂಗಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಳಿನಾಕ್ಷಿ ಅವರನ್ನು ತಡೆಯಲಿಲ್ಲ. ಅಷ್ಟು ತಿಂಗಳಿಂದ ಒಳಗೆ ಸಿಕ್ಕಿಕೊಂಡದ್ದು ಬರಲಿ ಎಂದುಕೊಂಡಳು.

ಕೂಗುವ ಗಡಿಬಿಡಿಯಲ್ಲಿ ಕೆತ್ತಿದ ತೊಗಟೆಯೆಲ್ಲ ಕೆಸರಿಗೆ ಬಿದ್ದಿತ್ತು. ಆಕಾಶ ಬಿಳುಪಾಗುತ್ತಿತ್ತು, ಕಾಗೆ ಇನ್ನೂ ಕೂಗಿರಲಿಲ್ಲ.

"ಇನ್ನೊಮ್ಮೆ ಕೆತ್ತಿ," ಎಂದಳು ನಳಿನಾಕ್ಷಿ. "ಹೊತ್ತು ಉಂಟು."

"ಇಷ್ಟು ಮಾತಾದ ಮೇಲೆ ಎಂತ ಗುಣ ಅದಕ್ಕೆ?"

"ಕಹಿ ಇದ್ದರೆ ಗುಣ ಉಂಟು. ಕುಡಿದು ನೋಡುವಾ."

ಭಾವ ರಿಬ್ಬನ್ ತಡವಿ ಮರ ಖಾತ್ರಿ ಮಾಡಿಕೊಂಡು ಮತ್ತೆ ಕಲ್ಲು ಎತ್ತಿಕೊಂಡರು. ನಾಲ್ವರೂ ಸುತ್ತ ನಿಂತರು. ಈ ಸಲ ಭಾವನಿಗೆ ಬೆನ್ನು ಹಾಕಿ, ಕಾಡಿಗೆ ಮುಖ ಮಾಡಿ. ಮರ್ಯಾದೆಯೂ ಉಳಿಯಿತು, ಕಾವಲೂ ಆಯಿತು. ಚಂದ್ರಾಮ ತನ್ನೂರಿನ ಜೋಳದ ಹೊಲಕ್ಕೆ ಹಂದಿ ಬಂದ ಕಥೆ ಹೇಳಿದ, ವಾರಿಜಾ ಗಂಡನನ್ನು ಬಿಟ್ಟಲ್ಲಿಂದ ಮುಂದುವರಿಸಿದಳು, ತೃಪ್ತಿ ಹಿಂದಿ ಹಾಡು ಹಾಡಿದಳು. ಟಕ್ ಟಕ್ ಸದ್ದು ನಡುವೆ ಕೇಳುತ್ತಲೇ ಇತ್ತು.

ಮನೆಯಲ್ಲಿ ನಳಿನಾಕ್ಷಿ ತೊಗಟೆ ಜಜ್ಜಿ, ಓಮ ಬೆಳ್ಳುಳ್ಳಿ ಕಾಳುಮೆಣಸು ಅರೆದು ರಸ ತೆಗೆದಳು. ಬಿಳಿಯ ಬೆಣಚುಕಲ್ಲನ್ನು ಒಲೆಯ ಮೇಲೆ ಕಾಯಿಸಿ ರಸಕ್ಕೆ ಹಾಕಿದಾಗ ಚೊಂಯ್ ಎಂದಿತು. ಮೊದಲ ಲೋಟ ಭಾವನಿಗೆ. ಅವರು ಕನ್ನಡಕ ಹಾಕಿಕೊಂಡು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಒಂದೇ ಗುಟುಕಿಗೆ ಕುಡಿದರು. ನಳಿನಾಕ್ಷಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. 

ಭಾವನ ಮುಖ ಹಿಂಡಿದ ಬಟ್ಟೆಯಂತಾಯಿತು. 

"ಕಹಿ ಯಾವಾಗಿನಷ್ಟೇ ಉಂಟು," ಎಂದರು. ಲೋಟವನ್ನು ಕೆಳಗಿಟ್ಟರು. "ಹೋದ ವರ್ಷದ್ದೂ ಇಷ್ಟೇ ಕಹಿ ಇತ್ತು ನಳಿನಿ. ಕುಡಿದಾಗಲೇ ಗೊತ್ತಿತ್ತು ನನಗೆ. ಸುಗುಣಾ ಹೋದ ಮೇಲೆ ಮರೆತೆ."

ನಳಿನಾಕ್ಷಿ ಮೆಂತೆ ಗಂಜಿ ತರುತ್ತೇನೆಂದು ಒಳಗೆ ಹೋದಳು. ಗಂಜಿ ಬಡಿಸಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ಒಲೆಯ ಮುಂದೆ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಹಗುರಾದಳು, ಮುಖ ತೊಳೆದುಕೊಂಡು ಬಂದಳು.

ಆ ವಾರವೇ ಭಾವ ನೌಪಾಡಾದ ಕನ್ನಡಕದ ಅಂಗಡಿಗೆ ಹೋಗಿ ದಪ್ಪ ಕಪ್ಪು ಪ್ಲಾಸ್ಟಿಕ್ಕಿನ ಫ್ರೇಮು ಹಾಕಿಸಿಕೊಂಡು ಬಂದರು. ಒಂದು ಮೊಳೆಯೂ ಇಲ್ಲ ಎಂದು ಅಂಗಡಿಯವನಿಂದ ಎರಡು ಸಲ ಹೇಳಿಸಿಕೊಂಡಿದ್ದರು.

"ಚಿರತೆಯನ್ನು ಎಲ್ಲರೂ ನೋಡಿದಿರಿ, ನಾನೊಬ್ಬ ನೋಡಲಿಲ್ಲ," ಎಂದರು ನಳಿನಾಕ್ಷಿಗೆ. "ಇದರಲ್ಲಿ ಕಬ್ಬಿಣ ಇಲ್ಲ. ಮುಂದಿನ ಆಟಿಗೆ ನಾನೂ ನೋಡಬೇಕು ಅದನ್ನು."

"ನೋಡಲಿಕ್ಕೆ ನಾವು ಇದ್ದೇವೆ ಭಾವ," ಎಂದಳು ನಳಿನಾಕ್ಷಿ. "ನೀವು ಕೂಗಿ."